ಖಾಲಿ ಕೋಷ್ಟಕದಿಂದ ಹಿಂದಕ್ಕೆ: ಆರೋಗ್ಯ ಸಂಶೋಧನೆಯ ಪ್ರಸ್ತಾವನೆ ಬರೆಯುವ ಬಗೆ

ಸಂಶೋಧನಾ ಪ್ರಸ್ತಾವನೆಯನ್ನು ಪರಿಶೀಲಿಸುವವರು ಅದನ್ನು ಕಾದಂಬರಿಯಂತೆ ಮೊದಲ ಪುಟದಿಂದ ಓದುತ್ತಾ ಹೋಗುವುದು ಕಡಿಮೆ. ಶೀರ್ಷಿಕೆ ನೋಡುತ್ತಾರೆ, ಉದ್ದೇಶಗಳ ಮೇಲೆ ಕಣ್ಣಾಡಿಸುತ್ತಾರೆ, ಅಲ್ಲಿಂದ ನೇರವಾಗಿ ಮಾದರಿ ಗಾತ್ರದ, ಅಂದರೆ ಅಧ್ಯಯನಕ್ಕೆ ಎಷ್ಟು ಜನ ಬೇಕೆಂಬ ಲೆಕ್ಕಕ್ಕೆ, ಆಮೇಲೆ ವಿಶ್ಲೇಷಣೆಯ ಯೋಜನೆಗೆ. ಈ ನಾಲ್ಕೂ ಒಂದೇ ಮಾತು ಹೇಳುತ್ತಿದ್ದರೆ ಉಳಿದದ್ದನ್ನು ನಿಧಾನವಾಗಿ ಓದುತ್ತಾರೆ. ಶೀರ್ಷಿಕೆಯಲ್ಲಿ ‘ಪರಿಣಾಮ’ ಎಂದಿದೆ, ಉದ್ದೇಶದಲ್ಲಿ ‘ಅರಿವು’ ಎಂದಾಗಿದೆ, ಲೆಕ್ಕದಲ್ಲಿ ಕಾಯಿಲೆ ಎಷ್ಟು ಜನರಿಗಿದೆ ಎಂಬ ಪ್ರಮಾಣ ಬಳಕೆಯಾಗಿದೆ ಎಂದರೆ ಅದು ಮೂರು ಅಧ್ಯಯನಗಳ ತುಂಡುಗಳನ್ನು ಸೇರಿಸಿ ಹೊಲಿದ ಕೌದಿ. ಹಿನ್ನೆಲೆಯ ಭಾಗ ಎಷ್ಟೇ ಸೊಗಸಾಗಿರಲಿ, ಅಂಥದ್ದು ವಾಪಸ್ ಬರುತ್ತದೆ.

ಎಡವುವುದು ಬಹುತೇಕ ಪ್ರಶ್ನೆಯಲ್ಲೇ. ‘ಬಿಪಿ ರೋಗಿಗಳು ಮತ್ತು ಮೊಬೈಲ್ ಬಳಕೆ’ ಎಂಬುದು ವಿಷಯವಾಯಿತು, ಪ್ರಶ್ನೆ ಆಗಲಿಲ್ಲ. ಅದು ಪ್ರಶ್ನೆಯಾಗಬೇಕಾದರೆ ನಾಲ್ಕು ಸಂಗತಿ ಗೊತ್ತಾಗಬೇಕು: ಯಾರಲ್ಲಿ, ಏನು ಮಾಡಿ, ಯಾವುದರ ಜೊತೆ ಹೋಲಿಸಿ, ಏನನ್ನು ಅಳೆಯುತ್ತೀರಿ. ಅದರ ಜೊತೆಗೆ ಎಷ್ಟು ಕಾಲದ ನಂತರ ಎಂಬುದೂ ಬೇಕು. ಆಗ ಅದೇ ವಿಷಯ ಹೀಗಾಗುತ್ತದೆ: ‘ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೂ ಮೇಲಿನ ಒತ್ತಡ 140ಕ್ಕಿಂತ ಕೆಳಗೆ ಇಳಿಯದ, 40ರಿಂದ 70 ವರ್ಷದವರಿಗೆ ದಿನವೂ ಮಾತ್ರೆಯ ನೆನಪು ಮಾಡುವ ಮೊಬೈಲ್ ಸಂದೇಶ ಕಳಿಸಿದರೆ, ಮಾಮೂಲಿ ಚಿಕಿತ್ಸೆಯಷ್ಟನ್ನೇ ಪಡೆಯುವವರಿಗಿಂತ ಅವರ ಮೇಲಿನ ಒತ್ತಡ 6 ತಿಂಗಳ ಕೊನೆಗೆ ಕಡಿಮೆ ಇರುತ್ತದೆಯೇ?’ ವಾಕ್ಯ ಉದ್ದವಾಯಿತು, ನಿಜ. ಆದರೆ ಇದರಲ್ಲಿ ಒಂದು ಪದ ಬದಲಾದರೂ ಅಧ್ಯಯನವೇ ಬದಲಾಗುತ್ತದೆ.

ಪ್ರಶ್ನೆ ಕೈಗೆ ಬಂದ ಮೇಲೆ ಹೆಚ್ಚಿನವರು ಹಿನ್ನೆಲೆ ಬರೆಯಲು ಕೂರುತ್ತಾರೆ. ಅದಕ್ಕೆ ಮೊದಲು ಖಾಲಿ ಕೋಷ್ಟಕಗಳನ್ನು ಬರೆದುಕೊಳ್ಳುವುದು ಲೇಸು. ಅಧ್ಯಯನ ಮುಗಿದಿದೆ, ಫಲಿತಾಂಶ ಬರೆಯಬೇಕಾಗಿದೆ ಎಂದುಕೊಳ್ಳಿ. ಸಾಲು, ಕಂಬಸಾಲುಗಳ ತಲೆಬರಹ ಹಾಕಿ, ಅಂಕಿಗಳ ಜಾಗ ಖಾಲಿ ಬಿಡಿ. ಮೊದಲ ಕೋಷ್ಟಕದಲ್ಲಿ ಎರಡೂ ಗುಂಪಿನವರ ವಯಸ್ಸು, ಲಿಂಗ, ಎಷ್ಟು ವರ್ಷದಿಂದ ಬಿಪಿ, ಎಷ್ಟು ಬಗೆಯ ಮಾತ್ರೆ, ಶುರುವಿನಲ್ಲಿ ಒತ್ತಡ ಎಷ್ಟು. ಎರಡನೆಯದರಲ್ಲಿ 6 ತಿಂಗಳ ನಂತರದ ಒತ್ತಡ, ಗುಂಪುಗಳ ನಡುವಿನ ವ್ಯತ್ಯಾಸ, ಆ ವ್ಯತ್ಯಾಸದ 95% ವಿಶ್ವಾಸ ವ್ಯಾಪ್ತಿ, ಅಂದರೆ ನಿಜವಾದ ವ್ಯತ್ಯಾಸ ಯಾವ ಎರಡು ಅಂಕಿಗಳ ನಡುವೆ ಇರಬಹುದು ಎಂಬ ಅಂದಾಜು. ಈಗ ನಿಮ್ಮ ಪ್ರಶ್ನಾವಳಿ ತೆಗೆದು ನೋಡಿ. ಯಾವ ಕೋಷ್ಟಕದಲ್ಲೂ ಜಾಗ ಸಿಗದ ಪ್ರಶ್ನೆ ಅಲ್ಲಿದ್ದರೆ ತೆಗೆದುಹಾಕಿ. ಕೋಷ್ಟಕದಲ್ಲಿರುವ ಸಂಗತಿಯನ್ನು ಯಾವ ಪ್ರಶ್ನೆಯೂ ಕೇಳದಿದ್ದರೆ ಸೇರಿಸಿ. ಅರ್ಧ ದಿನದ ಈ ಕೆಲಸದಿಂದ 12 ಪುಟದ ಪ್ರಶ್ನಾವಳಿ 4 ಪುಟಕ್ಕೆ ಇಳಿದರೆ ಆಶ್ಚರ್ಯವಿಲ್ಲ.

ಉದ್ದೇಶಗಳು ಆ ಕೋಷ್ಟಕಗಳಿಂದಲೇ ಹುಟ್ಟುತ್ತವೆ. ಮುಖ್ಯ ಉದ್ದೇಶ ಒಂದೇ ಇರಲಿ, ಉಪ ಉದ್ದೇಶಗಳು ಎರಡೋ ಮೂರೋ ಸಾಕು. ಕ್ರಿಯಾಪದಗಳ ಮೇಲೆ ನಿಗಾ ಇರಲಿ. ‘ಹೋಲಿಸುವುದು’, ‘ಅಂದಾಜಿಸುವುದು’ ಎಂದರೆ ಕೊನೆಗೆ ಕೈಗೆ ಒಂದು ಅಂಕಿ ಸಿಗುತ್ತದೆ. ‘ಅರಿವು ಮೂಡಿಸುವುದು’, ‘ಆರೋಗ್ಯ ಸುಧಾರಿಸುವುದು’ ಒಳ್ಳೆಯ ಆಶಯಗಳೇ, ಆದರೆ ಅಧ್ಯಯನದ ಉದ್ದೇಶಗಳಲ್ಲ.

ಹಿನ್ನೆಲೆ ಎರಡು ಪುಟ ಮೀರಬೇಕಾಗಿಲ್ಲ. ಸಮಸ್ಯೆ ಎಷ್ಟು ದೊಡ್ಡದು, ಇದುವರೆಗೆ ಏನು ಗೊತ್ತಾಗಿದೆ, ಎಲ್ಲಿ ಕೊರತೆ ಇದೆ, ಆ ಕೊರತೆಯನ್ನು ಈ ಅಧ್ಯಯನ ಹೇಗೆ ತುಂಬುತ್ತದೆ, ಇಷ್ಟು ಹೇಳಿದರಾಯಿತು. ‘ಈ ಪ್ರದೇಶದಲ್ಲಿ ಇಂಥ ಅಧ್ಯಯನ ನಡೆದಿಲ್ಲ’ ಎಂಬ ಸವಕಲು ವಾಕ್ಯ ಕೊರತೆಯನ್ನು ತೋರಿಸುವುದಿಲ್ಲ. ಬೇರೆಡೆ ಸಿಕ್ಕ ಉತ್ತರ ಇಲ್ಲಿ ಯಾಕೆ ಹೊಂದಲಾರದು ಎಂದು ಹೇಳಿದಾಗ ಮಾತ್ರ ಅದು ಕೊರತೆ. ಪಬ್‌ಮೆಡ್, ಕಾಕ್ರೇನ್‌ನಂಥ ವೈದ್ಯಕೀಯ ಸಂಶೋಧನೆಗಳ ಆನ್‌ಲೈನ್ ಸಂಗ್ರಹಗಳಲ್ಲಿ ಯಾವ ಪದಗಳಿಂದ, ಯಾವ ದಿನಾಂಕದವರೆಗೆ ಹುಡುಕಿದಿರಿ ಎಂದು ಬರೆದಿಟ್ಟುಕೊಂಡರೆ ಪರಿಶೀಲನಾ ಸಮಿತಿಯ ಮುಂದೆ ಬಾಯಿ ಕಟ್ಟುವ ಪ್ರಸಂಗ ಬರದು.

ಅಧ್ಯಯನದ ವಿನ್ಯಾಸವನ್ನು ಪ್ರಶ್ನೆಯೇ ಆರಿಸುತ್ತದೆ. ಎಷ್ಟು ಜನರಿಗೆ ಕಾಯಿಲೆ ಇದೆ ಎಂದು ಕೇಳಿದರೆ ಒಂದು ಸಲದ ಸಮೀಕ್ಷೆ ಸಾಕು. ಅಪರೂಪದ ಕಾಯಿಲೆಯ ಕಾರಣ ಹುಡುಕುವುದಾದರೆ ಕಾಯಿಲೆ ಇದ್ದವರನ್ನೂ ಇಲ್ಲದವರನ್ನೂ ಆರಿಸಿ ಅವರ ಹಿಂದಿನ ದಿನಗಳನ್ನು ಕೆದಕಬೇಕು. ಚಿಕಿತ್ಸೆ ಕೆಲಸ ಮಾಡುತ್ತದೆಯೇ ಎಂಬುದಕ್ಕೆ ಚೀಟಿ ಎತ್ತಿದಂತೆ, ಯಾದೃಚ್ಛಿಕವಾಗಿ ಗುಂಪು ಮಾಡುವ ಪ್ರಯೋಗ ಬೇಕು. ‘ಯಾದೃಚ್ಛಿಕವಾಗಿ ಹಂಚಲಾಗುವುದು’ ಎಂಬ ಒಂದು ಸಾಲಿಗೆ ಇಲ್ಲಿ ಬೆಲೆಯಿಲ್ಲ. ಪಟ್ಟಿಯನ್ನು ಯಾರು ತಯಾರಿಸುತ್ತಾರೆ, ಎಲ್ಲಿ ಮುಚ್ಚಿಡುತ್ತಾರೆ, ಯಾವಾಗ ತೆರೆಯುತ್ತಾರೆ ಎಂದು ಬರೆಯಬೇಕು. 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಸ್ಟ್ರೆಪ್ಟೊಮೈಸಿನ್ ಪ್ರಯೋಗವನ್ನು ಇಂದಿಗೂ ನೆನೆಯುವುದು ಈ ಕಾರಣಕ್ಕೇ. ಕ್ಷಯ ರೋಗಿಯೊಬ್ಬರನ್ನು ಪ್ರಯೋಗಕ್ಕೆ ಸೇರಿಸಿಕೊಳ್ಳಲು ಒಪ್ಪಿದ ಮೇಲಷ್ಟೇ ಸಂಖ್ಯೆ ಹಾಕಿದ, ಅಂಟಿಸಿದ ಲಕೋಟೆ ಒಡೆಯುತ್ತಿದ್ದರು. ಒಬ್ಬರು ಬಿಟ್ಟು ಒಬ್ಬರಿಗೆ ಔಷಧ ಎಂಬ ಹಳೆಯ ಪದ್ಧತಿಯಲ್ಲಿ ಮುಂದಿನವರ ಸರದಿ ಯಾವುದೆಂದು ವೈದ್ಯರಿಗೆ ಮೊದಲೇ ತಿಳಿದಿರುತ್ತಿತ್ತು, ಮನಸ್ಸು ಯಾರದೋ ಕಡೆ ವಾಲುತ್ತಿತ್ತು. ಎಕ್ಸ್‌ರೇ ಓದಿದವರಿಗೂ ಅದು ಯಾವ ಗುಂಪಿನವರದೆಂದು ಗೊತ್ತಿರಲಿಲ್ಲ. ಒಟ್ಟು 107 ಜನ. ಆರು ತಿಂಗಳಲ್ಲಿ ಔಷಧ ಪಡೆದ 55 ಜನರಲ್ಲಿ 4 ಮಂದಿ ತೀರಿಕೊಂಡರೆ, ಹಾಸಿಗೆ ವಿಶ್ರಾಂತಿಯಷ್ಟೇ ಪಡೆದ 52 ಜನರಲ್ಲಿ 14 ಮಂದಿ ತೀರಿಕೊಂಡರು.

ಇನ್ನು ಮಾದರಿ ಗಾತ್ರ, ಎಲ್ಲರೂ ಹೆದರುವ ಅಧ್ಯಾಯ. ಸಮೀಕ್ಷೆಗಳಲ್ಲಿ ಪದೇಪದೇ ಕಾಣುವ 384 ಎಂಬ ಸಂಖ್ಯೆ ಆಕಾಶದಿಂದ ಉದುರಿದ್ದಲ್ಲ. ಕಾಯಿಲೆಯ ಪ್ರಮಾಣ 50% ಇರಬಹುದು, ಅಂದಾಜು ಆಚೀಚೆ 5 ಅಂಶ ತಪ್ಪಿದರೂ ಸರಿ, 95% ವಿಶ್ವಾಸ ಬೇಕು ಎಂದರೆ 1.96ರ ವರ್ಗವನ್ನು 0.5ರಿಂದ ಎರಡು ಸಲ ಗುಣಿಸಿ 0.05ರ ವರ್ಗದಿಂದ ಭಾಗಿಸಬೇಕು. ಬರುವುದು 384.16, ಮೇಲಕ್ಕೇ ದುಂಡಗೆ ಮಾಡಬೇಕಾದ್ದರಿಂದ ಅದು 385. ಹಿಂದಿನ ಅಧ್ಯಯನಗಳ ಪ್ರಕಾರ ಪ್ರಮಾಣ 20% ಆಗಿದ್ದರೆ ಎರಡು 0.5ರ ಬದಲು 0.2 ಮತ್ತು 0.8ರಿಂದ ಗುಣಿಸಬೇಕು, ಆಗ 246 ಜನ ಸಾಕು. ಈ ಸೂತ್ರವನ್ನು ಎರಡು ಗುಂಪುಗಳ ಹೋಲಿಕೆಗೆ ತಂದು ಹಚ್ಚುವುದು ಮಾತ್ರ ದೊಡ್ಡ ತಪ್ಪು.

ನಮ್ಮ ಮೊಬೈಲ್ ಸಂದೇಶದ ಪ್ರಯೋಗಕ್ಕೆ ಬೇರೆ ಲೆಕ್ಕ. ಇಲ್ಲಿ ಎರಡು ಅಂಕಿ ಬೇಕು: ಒತ್ತಡ ಒಬ್ಬರಿಂದೊಬ್ಬರಿಗೆ ಎಷ್ಟು ಏರುಪೇರಾಗುತ್ತದೆ, ಎಷ್ಟು ಇಳಿಕೆಯಾದರೆ ಅದಕ್ಕೆ ವೈದ್ಯಕೀಯವಾಗಿ ಅರ್ಥವಿದೆ. ಏರುಪೇರಿನ ಅಳತೆ, ಅಂದರೆ ಪ್ರಮಾಣಿತ ವಿಚಲನೆ, 15 ಎಂದೂ ಬೇಕಾದ ಇಳಿಕೆ 5 ಎಂದೂ ಇಟ್ಟುಕೊಳ್ಳಿ. ಇಲ್ಲದ ಪರಿಣಾಮವನ್ನು ಇದೆ ಎಂದುಬಿಡುವ ಅಪಾಯ 5%, ಇರುವ ಪರಿಣಾಮವನ್ನು ಹಿಡಿಯುವ ಶಕ್ತಿ 80%. ಇವಕ್ಕೆ ಹೊಂದುವ 1.96 ಮತ್ತು 0.84 ಕೂಡಿಸಿ ವರ್ಗ ಮಾಡಿ, ಎರಡರಿಂದಲೂ 15ರ ವರ್ಗದಿಂದಲೂ ಗುಣಿಸಿ, 5ರ ವರ್ಗದಿಂದ ಭಾಗಿಸಿದರೆ 141.12. ಅಂದರೆ ಗುಂಪಿಗೆ 142 ಜನ. ಬೇಕಾದ ಇಳಿಕೆ 10 ಎಂದು ಬರೆದರೆ ಗುಂಪಿಗೆ 36 ಜನ ಸಾಕು! ಆಸೆ ಹುಟ್ಟುವುದು ಇಲ್ಲೇ. ಸಂದೇಶವೊಂದರಿಂದ 10 ಅಂಕ ಇಳಿಯುವುದು ಅನುಮಾನವೇ ಆದರೂ ಕೆಲಸ ಹಗುರಾಗಲೆಂದು ಕೆಲವರು ಹಾಗೆ ಬರೆಯುತ್ತಾರೆ. ಕೊನೆಗೆ 5 ಅಂಕ ಇಳಿದಿದ್ದರೂ 36 ಜನರಲ್ಲಿ ಅದು ಖಚಿತವಾಗಿ ಕಾಣುವುದಿಲ್ಲ, ‘ಪ್ರಯೋಜನವಿಲ್ಲ’ ಎಂಬ ತಪ್ಪು ತೀರ್ಮಾನ ಅಚ್ಚಾಗುತ್ತದೆ.

ಮಧ್ಯದಲ್ಲಿ ಬಿಟ್ಟುಹೋಗುವವರ ಲೆಕ್ಕದಲ್ಲೂ ಒಂದು ಸಣ್ಣ ಬಲೆ ಇದೆ. 15% ಜನ ಬಿಟ್ಟುಹೋದಾರು ಎಂದು 142ಕ್ಕೆ ಅದರ 15% ಸೇರಿಸಿದರೆ 164 ಆಗುತ್ತದೆ. ಆದರೆ 164ರಲ್ಲಿ 15% ಹೋದರೆ ಉಳಿಯುವುದು 139, ನಮಗೆ ಬೇಕಾದದ್ದು 142. ಕೂಡಿಸುವುದಲ್ಲ, 0.85ರಿಂದ ಭಾಗಿಸಬೇಕು. ಆಗ ಗುಂಪಿಗೆ 168, ಒಟ್ಟು 336.

ಈ 336ನ್ನು ಹಿಡಿದುಕೊಂಡು ಕ್ಯಾಲೆಂಡರ್ ಮುಂದೆ ಕೂರಿ. ತಿಂಗಳಿಗೆ ಅರ್ಹರಾದ 40 ಜನ ಬರುತ್ತಾರೆ, ಅರ್ಧದಷ್ಟು ಜನ ಒಪ್ಪುತ್ತಾರೆ ಎಂದರೆ ಸೇರಿಸಿಕೊಳ್ಳಲೇ 17 ತಿಂಗಳು. ಕೊನೆಗೆ ಸೇರಿದವರನ್ನು ಇನ್ನೂ 6 ತಿಂಗಳು ನೋಡಬೇಕು. ಅನುಮತಿ, ತರಬೇತಿ, ಪ್ರಶ್ನಾವಳಿಯ ಪೂರ್ವಪರೀಕ್ಷೆಗೆ 3 ತಿಂಗಳು, ವಿಶ್ಲೇಷಣೆ ಮತ್ತು ವರದಿಗೆ 4 ತಿಂಗಳು. ಒಟ್ಟು 30 ತಿಂಗಳ ಕೆಲಸವನ್ನು 12 ತಿಂಗಳ ಕಾಲಪಟ್ಟಿಗೆ ತುರುಕಿದ್ದರೆ ಪರಿಶೀಲಕರಿಗೆ ಅದು ಒಂದೇ ಭಾಗಾಕಾರದಲ್ಲಿ ಗೊತ್ತಾಗುತ್ತದೆ. ಅಧ್ಯಯನ ಶುರುವಾದೊಡನೆ ರೋಗಿಗಳ ಸಂಖ್ಯೆ ಕುಸಿಯುತ್ತದೆ, ಮುಗಿದೊಡನೆ ಮತ್ತೆ ಏರುತ್ತದೆ ಎಂಬ ತಮಾಷೆಯ ‘ಲಸಾನ್ಯಾ ನಿಯಮ’ ಈ ಕ್ಷೇತ್ರದಲ್ಲಿ ಪ್ರಸಿದ್ಧ. ಅಮೆರಿಕದ ಔಷಧಶಾಸ್ತ್ರಜ್ಞ ಲೂಯಿಸ್ ಲಸಾನ್ಯಾ ಹೆಸರಿನದು. ತಮಾಷೆ ಇರಬಹುದು, ಆದರೆ ಹಿಂದಿನ ಮೂರು ತಿಂಗಳ ಹೊರರೋಗಿ ದಾಖಲೆ ತೆಗೆದು ಅರ್ಹರನ್ನು ನಿಜವಾಗಿ ಎಣಿಸಿ ನೋಡುವುದೇ ಇದಕ್ಕೆ ಮದ್ದು.

ವಿಧಾನದ ಭಾಗವನ್ನು ಎಷ್ಟು ವಿವರವಾಗಿ ಬರೆಯಬೇಕು? ನೀವು ಇಲ್ಲದಿದ್ದರೂ ಇನ್ನೊಬ್ಬರು ಅದನ್ನು ಓದಿ ಹಾಗೆಯೇ ಮಾಡುವಷ್ಟು. ‘ಬಿಪಿ ನೋಡಲಾಗುವುದು’ ಎಂದರೆ ಏನೂ ಹೇಳಿದಂತಾಗಲಿಲ್ಲ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ 5 ನಿಮಿಷ ಮಾತಿಲ್ಲದೆ ಕೂರಿಸಿ, ಪಾದ ನೆಲಕ್ಕೆ ಊರಿಸಿ, ತೋಳು ಹೃದಯದ ಮಟ್ಟಕ್ಕಿರುವಂತೆ ಇಟ್ಟು, 1–2 ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ ಸರಾಸರಿ ತೆಗೆಯುವುದು ಎಂದು ಬರೆಯಿರಿ. ಯಾವ ಯಂತ್ರ, ಅದನ್ನು ಎಷ್ಟು ದಿನಕ್ಕೊಮ್ಮೆ ತಾಳೆ ನೋಡುತ್ತೀರಿ, ತೋಳಿಗೆ ಸುತ್ತುವ ಪಟ್ಟಿಯ ಅಳತೆ ಏನು, ಅದೂ ಬೇಕು. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಒತ್ತಡ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಸ್ಟೆತೊಸ್ಕೋಪಿನಲ್ಲಿ ಕಿವಿಗೊಟ್ಟು ಕೇಳಿ ಬರೆಯುವವರ ಕೈ ಸೊನ್ನೆಯ ಕಡೆ ವಾಲುತ್ತದೆ. 138, 142 ಎಲ್ಲವೂ 140 ಆಗಿಬಿಡುತ್ತವೆ. ನಾವು ಹುಡುಕುತ್ತಿರುವುದೇ 5 ಅಂಕದ ವ್ಯತ್ಯಾಸವಾದ್ದರಿಂದ ಈ ಸೋಮಾರಿ ಸೊನ್ನೆ ಸಣ್ಣ ವಿಷಯವಲ್ಲ.

ಮಾಹಿತಿ ದಾಖಲಿಸುವ ಬಗೆಗೂ ಅರ್ಧ ಪುಟ ಮೀಸಲಿಡಿ. ವಯಸ್ಸನ್ನು ‘40–50’ ಎಂಬ ಗೂಡಿಗೆ ಹಾಕದೆ ಅಂಕಿಯಲ್ಲೇ ಬರೆಸಿ; ಗುಂಪು ಆಮೇಲೆ ಮಾಡಬಹುದು, ಗುಂಪಿನಿಂದ ವಯಸ್ಸನ್ನು ಮರಳಿ ಪಡೆಯಲಾಗದು. ಉತ್ತರ ಸಿಗದ ಕಡೆ 99 ಎಂದು ತುಂಬುವ ರೂಢಿ ಇದೆ. ಅದನ್ನು ಹೊರತೆಗೆಯದೆ ಸರಾಸರಿ ಹಾಕಿದರೆ ಅಧ್ಯಯನದ ತುಂಬ 99 ವರ್ಷದ ಅಜ್ಜಂದಿರು! ವಿಶ್ಲೇಷಣೆಯಲ್ಲಿ ಯಾವ ತಂತ್ರಾಂಶ ಎನ್ನುವುದಕ್ಕಿಂತ ಯಾವ ಉದ್ದೇಶಕ್ಕೆ ಯಾವ ಪರೀಕ್ಷೆ ಎಂಬುದು ಮುಖ್ಯ. ಸಂದೇಶ ಓದದವರನ್ನೂ ಹಂಚಿಕೆಯಾದ ಗುಂಪಿನಲ್ಲೇ ಎಣಿಸುತ್ತೀರಾ ಎಂಬುದನ್ನೂ ಈಗಲೇ ಹೇಳಿಬಿಡಬೇಕು. ಸಂಖ್ಯಾಶಾಸ್ತ್ರಜ್ಞರನ್ನು ಕಾಣಬೇಕಾದ್ದು ಈ ಹಂತದಲ್ಲಿ, ಮಾಹಿತಿ ಎಲ್ಲ ಕೈಗೆ ಬಂದ ಮೇಲಲ್ಲ.

ನೈತಿಕತೆಯ ಭಾಗವನ್ನು ‘ಎಥಿಕ್ಸ್ ಸಮಿತಿಯ ಅನುಮತಿ ಪಡೆಯಲಾಗುವುದು’ ಎಂಬ ಒಂದೇ ಸಾಲಲ್ಲಿ ಮುಗಿಸುವವರಿದ್ದಾರೆ. ಸಮಿತಿಯವರು ನೋಡುವುದು ಸಮ್ಮತಿ ಪತ್ರವನ್ನು. ಅದು ಭಾಗವಹಿಸುವವರ ಭಾಷೆಯಲ್ಲಿ, ಶಾಲೆಗೆ ಹೆಚ್ಚು ಹೋಗದವರಿಗೂ ಓದಿ ಹೇಳಿದರೆ ಅರ್ಥವಾಗುವಂತಿರಬೇಕು. ಏನು ಮಾಡುತ್ತೇವೆ, ಎಷ್ಟು ಹೊತ್ತು ಹಿಡಿಯುತ್ತದೆ, ತೊಂದರೆಯಾದರೆ ಯಾರು ನೋಡಿಕೊಳ್ಳುತ್ತಾರೆ, ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಸರಿದರೂ ಚಿಕಿತ್ಸೆಗೆ ಚ್ಯುತಿಯಿಲ್ಲ ಎಂಬುದೆಲ್ಲ ಅದರಲ್ಲಿರಬೇಕು. ನಮ್ಮ ಪ್ರಯೋಗದಲ್ಲಿ ಒಂದು ಸೂಕ್ಷ್ಮವೂ ಇದೆ: ಒಂದೇ ಫೋನನ್ನು ಮನೆಮಂದಿಯೆಲ್ಲ ಬಳಸುವ ಕಡೆ ಸಂದೇಶದಿಂದ ಕಾಯಿಲೆಯ ಗುಟ್ಟು ಬಯಲಾಗುತ್ತದೆ. ‘ಬಿಪಿ ಮಾತ್ರೆ’ ಎನ್ನುವ ಬದಲು ರೋಗಿಯೇ ಆರಿಸಿದ ಸಂಕೇತಪದ ಕಳಿಸುವುದು ಒಂದು ದಾರಿ. ಹೀಗೆ ತಮ್ಮದೇ ಅಧ್ಯಯನದ ಅಪಾಯವನ್ನು ತಾವೇ ಹುಡುಕಿ ಬರೆದವರ ಪ್ರಸ್ತಾವನೆಯ ತೂಕವೇ ಬೇರೆ. ಈ ನಿಯಮಗಳಿಗೆಲ್ಲ ತಳಹದಿಯಾದ, ವಿಶ್ವ ವೈದ್ಯಕೀಯ ಸಂಘದ ಹೆಲ್ಸಿಂಕಿ ಘೋಷಣೆ 1964ರದು. 2024ರ ಪರಿಷ್ಕರಣೆ ಅಧ್ಯಯನಕ್ಕೆ ಒಳಪಡುವವರನ್ನು ‘ಭಾಗವಹಿಸುವವರು’ ಎಂದೇ ಕರೆಯುತ್ತದೆ.

ಬಜೆಟ್‌ನಲ್ಲಿ ಪ್ರತಿ ಸಾಲಿಗೂ ಕಾರಣ ಇರಲಿ: 336 ಜನ, ತಲಾ ಎರಡು ಭೇಟಿ, ಅಂದರೆ 672 ಪ್ರಯಾಣ ಭತ್ಯೆ. ಮರೆತುಹೋಗುವುದು ಸಾಮಾನ್ಯವಾಗಿ ಅನುವಾದ, ಮುದ್ರಣ, ಬಿಟ್ಟುಹೋದವರನ್ನು ಹುಡುಕಿ ಹೋಗುವ ಖರ್ಚು.

ಚಿಕಿತ್ಸಾ ಪ್ರಯೋಗವಾದರೆ ಸಲ್ಲಿಸುವ ಮುನ್ನ, ಅದರ ಯೋಜನೆಯಲ್ಲಿ ಏನೆಲ್ಲ ಇರಬೇಕೆಂದು ಹೇಳುವ ಸ್ಪಿರಿಟ್ (SPIRIT) ಪಟ್ಟಿಯನ್ನು ಪಕ್ಕದಲ್ಲಿಟ್ಟು ಗುರುತು ಹಾಕುತ್ತಾ ಬನ್ನಿ. 2013ರಲ್ಲಿ 33 ಅಂಶಗಳಿದ್ದ ಅದು 2025ರ ಪರಿಷ್ಕರಣೆಯಲ್ಲಿ 34 ಆಗಿದೆ. ಮೊದಲ ರೋಗಿಯನ್ನು ಸೇರಿಸುವ ಮುನ್ನವೇ ಪ್ರಯೋಗವನ್ನು ಸಾರ್ವಜನಿಕವಾಗಿ ನೋಂದಾಯಿಸಿರಬೇಕು. 2005ರಿಂದ ಪ್ರಮುಖ ವೈದ್ಯಕೀಯ ಪತ್ರಿಕೆಗಳು ಇದಿಲ್ಲದ ವರದಿಯನ್ನು ತೆಗೆದುಕೊಳ್ಳುವುದಿಲ್ಲ. ಪ್ರತಿ ಪುಟದ ಕೆಳಗೆ ಆವೃತ್ತಿಯ ಸಂಖ್ಯೆ, ದಿನಾಂಕ ಹಾಕಿ. ಸಮಿತಿ ಒಪ್ಪಿದ್ದು ಎರಡನೇ ಆವೃತ್ತಿಯನ್ನು, ಕ್ಲಿನಿಕ್ಕಿನಲ್ಲಿ ಸಹಿ ಹಾಕಿಸಿಕೊಂಡದ್ದು ಮೊದಲನೆಯದರ ಸಮ್ಮತಿ ಪತ್ರಕ್ಕೆ ಎಂದಾದರೆ, ಅಷ್ಟೂ ಜನರ ಬಳಿ ಮತ್ತೆ ಹೋಗಬೇಕಾದೀತು.