ಹೆಸರಿಲ್ಲದ ಪದ್ಯ ಮೈಸೂರಿಗೆ ಬಂದ ಬಗೆ

ಕವಿಯ ಹೆಸರೂ ಇಲ್ಲ, ಶೀರ್ಷಿಕೆಯೂ ಇಲ್ಲ. ಒಂದು ಪದ್ಯ ಕೊಟ್ಟು ‘ವಿಮರ್ಶಿಸಿ’ ಅಂದುಬಿಟ್ಟರೆ ಮೈಸೂರು, ಮಂಡ್ಯದ ಇಂಗ್ಲಿಷ್ ಎಂ.ಎ. ವಿದ್ಯಾರ್ಥಿಗಳಲ್ಲಿ ಅನೇಕರ ಪೆನ್ನು ನಿಂತುಬಿಡುತ್ತದೆ. ನೋಟ್ಸ್ ಉರು ಹೊಡೆದವರಿಗೆ ಇಲ್ಲಿ ಹಿಡಿಯಲು ಕೊಂಬೆಯಿಲ್ಲ. ಈ ಪ್ರಶ್ನೆ ಹುಟ್ಟಿದ್ದೂ ಅದಕ್ಕೇ.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಗುವವರೆಗೆ ಮಹಾರಾಜ ಕಾಲೇಜು ಮದ್ರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು. ಆಗಿನ ಇಂಗ್ಲಿಷ್ ಪಾಠವೆಂದರೆ ಹೆಚ್ಚಾಗಿ ಕಷ್ಟಪದಗಳ ಅರ್ಥ, ಸಾರಾಂಶ, ಮತ್ತೆ ನಮ್ಮ ಕನ್ನಡ ಪರೀಕ್ಷೆಗಳಲ್ಲೂ ಬೇರೂರಿರುವ ‘ಸಂದರ್ಭಸಹಿತ ವಿವರಿಸಿ’. ಯಾರು ಯಾರಿಗೆ ಯಾವಾಗ ಹೇಳಿದರು ಎಂದು ಗೊತ್ತಿದ್ದರೆ ಅಂಕ ಬರುತ್ತದೆ. ಅದಕ್ಕೆ ಮೂಲ ಓದಲೇಬೇಕೆಂದಿಲ್ಲ.

ಸೂಕ್ಷ್ಮವಾಗಿ ಓದುವವರು ಆಗ ಇರಲಿಲ್ಲವೆಂದಲ್ಲ. ಅದೇ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಬಿ.ಎಂ.ಶ್ರೀಯವರು ‘ಇಂಗ್ಲಿಷ್ ಗೀತೆಗಳು’ (1926) ಸಂಕಲನಕ್ಕಾಗಿ ಮೂಲದ ಲಯವನ್ನು ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳಿಗೆ ಹೊಂದಿಸಿದರು. ಒಂದೊಂದು ಸಾಲನ್ನೂ ತೂಗಿ ನೋಡದೆ ಆಗುವ ಕೆಲಸ ಅದಲ್ಲ. ಆದರೆ ಅದು ಅನುವಾದಕನ ಮೇಜಿನ ಮೇಲೆ ಉಳಿಯಿತು, ಪ್ರಶ್ನೆಪತ್ರಿಕೆಗೆ ಇಳಿಯಲಿಲ್ಲ.

ಕೇಂಬ್ರಿಜ್‌ನಲ್ಲಿ ಇಂಗ್ಲಿಷ್‌ಗೆ ಸ್ವತಂತ್ರ ಪದವಿ ಪರೀಕ್ಷೆ ಮಂಜೂರಾದದ್ದು 1917ರಲ್ಲಿ, ನಮ್ಮ ವಿಶ್ವವಿದ್ಯಾನಿಲಯ ಹುಟ್ಟಿದ ಮರುವರ್ಷ. ಅಲ್ಲಿ ಪಾಠ ಹೇಳುತ್ತಿದ್ದ ವಿಮರ್ಶಕ ಐ.ಎ. ರಿಚರ್ಡ್ಸ್, ಕವಿಯ ಹೆಸರು ಅಳಿಸಿದ ಪದ್ಯಗಳನ್ನು ಹಂಚಿ, ಒಂದು ವಾರ ಸಮಯ ಕೊಟ್ಟು, ವಿದ್ಯಾರ್ಥಿಗಳಿಂದ ಅಭಿಪ್ರಾಯ ಬರೆಸಿಕೊಂಡರು. 13 ಪದ್ಯಗಳ ಮೇಲೆ ಬಂದ ಆ ಬರಹಗಳನ್ನು 1929ರಲ್ಲಿ ಪ್ರಕಟಿಸಿದಾಗ ಕಂಡದ್ದು ಮುಜುಗರದ ಚಿತ್ರ. ಚೆನ್ನಾಗಿ ಓದಿಕೊಂಡವರೂ ವಾಕ್ಯದ ಸಾದಾ ಅರ್ಥವನ್ನೇ ತಪ್ಪಿದ್ದರು. ತಮ್ಮ ನೆನಪುಗಳನ್ನು ಪದ್ಯದೊಳಗೆ ತುರುಕಿದ್ದರು. ಸಾವು, ತಾಯಿ, ದೇಶ ಎಂಬ ಮಾತು ಕಂಡೊಡನೆ ಸಿದ್ಧ ಭಾವನೆಯನ್ನು ಹೊರತೆಗೆದಿದ್ದರು.

ಈ ಪದ್ಧತಿಯನ್ನು ಮೈಸೂರಿನಲ್ಲಿ ಗಟ್ಟಿಯಾಗಿ ನೆಲೆಗೊಳಿಸಿದವರು ಸಿ.ಡಿ. ನರಸಿಂಹಯ್ಯ. ಕೇಂಬ್ರಿಜ್‌ನಲ್ಲಿ ವಿಮರ್ಶಕ ಎಫ್.ಆರ್. ಲೀವಿಸ್ ಅವರ ಬಳಿ ಓದಿ ಬಂದವರು. 1952ರಲ್ಲಿ ‘ದಿ ಲಿಟರರಿ ಕ್ರೈಟೀರಿಯನ್’ ಪತ್ರಿಕೆ, 1979ರಲ್ಲಿ ‘ಧ್ವನ್ಯಾಲೋಕ’ ಸಂಸ್ಥೆ. ಎರಡನೆಯದರ ಹೆಸರು ಸಂಸ್ಕೃತ ಕಾವ್ಯಮೀಮಾಂಸಕ ಆನಂದವರ್ಧನನ ಗ್ರಂಥದ್ದು. ಲೀವಿಸ್ ಜೊತೆಗೆ, ಹೇಳದೆ ಸೂಚಿಸುವ ಅರ್ಥವೇ ಕಾವ್ಯದ ಜೀವ ಎನ್ನುವ ಧ್ವನಿ ಸಿದ್ಧಾಂತವನ್ನೂ ಕೂರಿಸುವ ಆಸೆ ಅದರಲ್ಲೇ ಇದೆ. ಇಂಗ್ಲಿಷ್ ಮೇಷ್ಟ್ರುಗಳ ಮೂಲಕವೇ ಈ ಓದು ಕನ್ನಡದ ನವ್ಯ ವಿಮರ್ಶೆಗೂ ದಾಟಿತು.

ಆಮೇಲೆ ಆದದ್ದು ಮಾಮೂಲಿ ಕಥೆ. ನೋಟ್ಸ್‌ಗೆ ಸಿಗದ ಪ್ರಶ್ನೆಗೂ ನೋಟ್ಸ್ ತಯಾರಾಯಿತು: ವಸ್ತು, ಧಾಟಿ, ಪ್ರತಿಮೆ, ಛಂದಸ್ಸು, ಉಪಸಂಹಾರ. ಯಾವ ಪದ್ಯ ಬಂದರೂ ಇದೇ ಐದು ಡಬ್ಬಿ. ಪ್ರತಿಮೆಗಳ ಪಟ್ಟಿ ಕೊಡುತ್ತಾರೆ, ಅವು ಅಲ್ಲಿ ಏನು ಮಾಡುತ್ತಿವೆ ಎಂದು ಹೇಳುವುದಿಲ್ಲ.

ಮಾಡಬೇಕಾದದ್ದು ಬೇರೆ. ಒಂದು ಗಂಟೆಯ ಪ್ರಶ್ನೆಯಾದರೆ ಮೊದಲ 20 ನಿಮಿಷ ಉತ್ತರಕ್ಕೆ ಕೈಹಾಕಬಾರದು. ಸಾಲು ಮುರಿದಲ್ಲಿ ನಿಲ್ಲದೆ ಪೂರ್ಣವಿರಾಮದವರೆಗೆ ಓದಿ, ಪ್ರತಿ ವಾಕ್ಯದ ಕರ್ತೃ, ಕ್ರಿಯಾಪದ ಗುರುತಿಸಿ. ಅಂಚಿನಲ್ಲಿ ಸಾದಾ ಕನ್ನಡ ಗದ್ಯಕ್ಕೆ ಇಳಿಸಿ; ಕನ್ನಡ ಮಾಧ್ಯಮದಿಂದ ಬಂದವರು ಇದಕ್ಕೆ ನಾಚಬೇಕಿಲ್ಲ, ಎಲ್ಲಿ ಇಳಿಯಲು ಒಪ್ಪುವುದಿಲ್ಲವೋ ಬರೆಯಬೇಕಾದ ವಿಷಯ ಅಲ್ಲಿದೆ. ಮಾತಾಡುತ್ತಿರುವವರು ಯಾರು, ಯಾರೊಡನೆ ಎಂದು ನೋಡಿ. ಕೊನೆಗೆ ಸಿಲಬಲ್ (ಉಚ್ಚಾರದ ಘಟಕ) ಎಣಿಸಿ, ಲಯ ತಪ್ಪುವ ಸಾಲಿಗೆ ಗುರುತು ಹಾಕಿ.

ವಿಲಿಯಂ ಬ್ಲೇಕ್‌ನ ‘ಲಂಡನ್’ (1794) ತೆಗೆದುಕೊಳ್ಳಿ. ಹೆಸರು ಗೊತ್ತಾದ ಕೂಡಲೇ ಕೈಗಾರಿಕಾ ಕ್ರಾಂತಿಯ ಮೇಲೆ ಎರಡು ಪುಟ ಬರೆಯುವುದು ರೂಢಿ. 16 ಸಾಲಿನ ಆ ಪದ್ಯದ ಮೊದಲ ಮೂರು ಸಾಲಿಗೆ ಎಂಟೆಂಟು ಸಿಲಬಲ್, ಶುರುವಾಗುವುದು ಒತ್ತಿಲ್ಲದ ಸಿಲಬಲ್‌ನಿಂದ. ನಾಲ್ಕನೆಯದಕ್ಕೆ ಏಳೇ, ಮೊದಲ ಸಿಲಬಲ್‌ಗೇ ಒತ್ತು. ಮೂರನೆಯ ಸಾಲಿನಲ್ಲಿ ‘ಗಮನಿಸು’ ಎಂಬ ಕ್ರಿಯಾಪದವಾಗಿದ್ದ ‘ಮಾರ್ಕ್’ ಇಲ್ಲಿ ಮುಖಗಳ ಮೇಲಿನ ಗುರುತಾಗಿ ಎರಡು ಸಲ ಬರುತ್ತದೆ. ಬೀದಿಯಲ್ಲಿ ನಡೆಯುತ್ತಿದ್ದವನ ಹೆಜ್ಜೆ ತಪ್ಪುವುದೂ ಎದುರಿನವರ ಮುಖ ಕಾಣುವುದೂ ಒಂದೇ ಕಡೆ. ಉತ್ತರದ ಮೊದಲ ಪ್ಯಾರಾ ಇಲ್ಲಿಂದ ಶುರುವಾದರೆ ಸಾಕು. ಕೈಗಾರಿಕಾ ಕ್ರಾಂತಿ ಬೇಕಾದರೆ ಮೂರನೆಯದರಲ್ಲಿ ಬರಲಿ.