ನಡುಗಡಲಿನಲ್ಲಿ ನಾವೆಲ್ಲಿದ್ದೇವೆ?

ನೀರಿನ ಮೇಲೆ ತೇಲುವ ವಿದ್ಯೆ ಮನುಷ್ಯನಿಗೆ ಬಹಳ ಬೇಗ ಕೈಹತ್ತಿತು. ಸುಮಾರು 50,000 ವರ್ಷಗಳ ಹಿಂದೆಯೇ ಜನ ಸಮುದ್ರ ದಾಟಿ ಆಸ್ಟ್ರೇಲಿಯಾ ಸೇರಿದ್ದರು. ಈವರೆಗೆ ಸಿಕ್ಕಿರುವ ಅತಿ ಹಳೆಯ ದೋಣಿ ನೆದರ್ಲೆಂಡ್ಸ್‌ನ ಪೆಸ್ಸೆ ಎಂಬಲ್ಲಿಯದು; ಸುಮಾರು 10,000 ವರ್ಷಗಳ ಹಿಂದೆ ಪೈನ್ ಮರದ ದಿಮ್ಮಿ ಕೊರೆದು ಮಾಡಿದ್ದು. ಈಜಿಪ್ಟಿನಲ್ಲಿ ಖುಫು ದೊರೆಯ ಪಿರಮಿಡ್ಡಿನ ಪಕ್ಕ 1954ರಲ್ಲಿ ಸಿಕ್ಕ ನಾವೆಯಂತೂ 43 ಮೀಟರ್ ಉದ್ದವಿದೆ. ಅದರ ದೇವದಾರು ಹಲಗೆಗಳನ್ನು ಹಗ್ಗದಿಂದ ಹೊಲಿದಿದ್ದಾರೆ. 4,500 ವರ್ಷಗಳ ಹಿಂದಿನ ಆ ಅಚ್ಚುಕಟ್ಟು ನೋಡಿದರೆ, ಹಡಗು ಕಟ್ಟುವ ಕೈಗಳು ಆಗಲೇ ಚೆನ್ನಾಗಿ ಪಳಗಿದ್ದವು ಅನ್ನಿಸುತ್ತದೆ.

ಬಗೆಹರಿಯದೆ ಉಳಿದದ್ದು ಬೇರೆಯದೇ ಪ್ರಶ್ನೆ: ದಡ ಕಣ್ಮರೆಯಾದ ಮೇಲೆ, ನಾವೀಗ ಎಲ್ಲಿದ್ದೇವೆ?

ಪೆಸಿಫಿಕ್ ದ್ವೀಪವಾಸಿಗಳು ಇದಕ್ಕೆ ಯಾವ ಉಪಕರಣವೂ ಇಲ್ಲದೆ ಉತ್ತರ ಕಂಡುಕೊಂಡಿದ್ದರು. ಯಾವ ನಕ್ಷತ್ರ ದಿಗಂತದ ಯಾವ ಜಾಗದಲ್ಲಿ ಹುಟ್ಟುತ್ತದೆ, ದೊಡ್ಡ ಅಲೆಗಳು ದೋಣಿಯನ್ನು ಯಾವ ಮಗ್ಗುಲಿಂದ ಎತ್ತುತ್ತವೆ, ಸಂಜೆ ಹಕ್ಕಿಗಳು ಯಾವ ಕಡೆ ಮರಳುತ್ತವೆ ಎಂಬುದೆಲ್ಲ ಅವರಿಗೆ ಕಂಠಪಾಠ. ಇದೆಲ್ಲ ಬರೀ ಅದೃಷ್ಟ ಎಂದು ಹಲವು ವಿದ್ವಾಂಸರು ವಾದಿಸುತ್ತಿದ್ದರು. 1976ರಲ್ಲಿ ಮಾವ್ ಪಿಯಾಯ್ಲುಗ್ ಎಂಬ ನಾವಿಕ ದಿಕ್ಸೂಚಿಯನ್ನೂ ಮುಟ್ಟದೆ ‘ಹೊಕುಲೆಆ’ ಎಂಬ ಜೋಡಿದೋಣಿಯನ್ನು ಹವಾಯಿಯಿಂದ ತಾಹಿತಿಗೆ, 4,000 ಕಿಲೋಮೀಟರ್‌ಗೂ ದೂರ ಮುಟ್ಟಿಸಿದ. ನನ್ನ ಮಟ್ಟಿಗೆ ಸಮುದ್ರಯಾನದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಬೌದ್ಧಿಕ ಸಾಧನೆ ಇಲ್ಲ.

ಯುರೋಪಿನ ನಾವಿಕರಿಗೆ ಅರ್ಧ ಉತ್ತರವಷ್ಟೇ ಗೊತ್ತಿತ್ತು. ಧ್ರುವನಕ್ಷತ್ರ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ ಹೆಚ್ಚುಕಡಿಮೆ ಅಷ್ಟೇ ನಮ್ಮ ಅಕ್ಷಾಂಶ. ಪೂರ್ವ-ಪಶ್ಚಿಮದ ರೇಖಾಂಶಕ್ಕೆ ಮಾತ್ರ ಅಂದಾಜೇ ಗತಿ. ಸಮ ಅಂತರದಲ್ಲಿ ಗಂಟು ಹಾಕಿದ ಹಗ್ಗದ ತುದಿಗೆ ಹಲಗೆ ಕಟ್ಟಿ ಹಡಗಿನ ಹಿಂಬದಿಯಿಂದ ನೀರಿಗೆ ಎಸೆಯುತ್ತಿದ್ದರು. ಹಲಗೆ ನಿಂತಲ್ಲೇ ನಿಲ್ಲುತ್ತದೆ, ಹಡಗು ಮುಂದೆ ಸರಿದಂತೆ ಹಗ್ಗ ಬಿಚ್ಚಿಕೊಳ್ಳುತ್ತದೆ. ಸುಮಾರು 28 ಸೆಕೆಂಡಿನ ಮರಳು ಗಡಿಯಾರ ಖಾಲಿಯಾಗುವಷ್ಟರಲ್ಲಿ ಬೆರಳ ಸಂದಿಯಲ್ಲಿ ಎಷ್ಟು ಗಂಟು ಜಾರಿದವೋ ಅಷ್ಟು ವೇಗ. ಆ ವೇಗವನ್ನು ದಿಕ್ಕಿನೊಡನೆ ಸೇರಿಸಿ ನಕ್ಷೆಯ ಮೇಲೊಂದು ಚುಕ್ಕೆ ಇಡಬೇಕು. ಒಳಪ್ರವಾಹವೊಂದು ಹಡಗನ್ನು ಮೆಲ್ಲಗೆ ಪಕ್ಕಕ್ಕೆ ಒಯ್ಯುತ್ತಿದ್ದರೆ ಈ ಲೆಕ್ಕಕ್ಕೆ ಅದರ ಸುಳಿವೇ ಇಲ್ಲ. 1707ರಲ್ಲಿ ತಾವಿರುವ ಜಾಗವನ್ನು ತಪ್ಪಾಗಿ ಲೆಕ್ಕ ಹಾಕಿದ್ದ ಬ್ರಿಟಿಷ್ ನೌಕಾದಳದ ನಾಲ್ಕು ಹಡಗುಗಳು ಇಂಗ್ಲೆಂಡಿನ ನೈಋತ್ಯ ತುದಿಯಾಚೆಯ ಸಿಲ್ಲಿ ದ್ವೀಪಗಳ ಬಂಡೆಗಳಿಗೆ ಬಡಿದು ಮುಳುಗಿದವು. ಸತ್ತವರು ಸಾವಿರಕ್ಕೂ ಹೆಚ್ಚು.

ಉತ್ತರ ಇದ್ದದ್ದು ಗಡಿಯಾರದಲ್ಲಿ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಹಡಗಿನಲ್ಲಿ ಸೂರ್ಯ ನೆತ್ತಿಗೆ ಬಂದಾಗ ಹೊರಟ ಬಂದರಿನಲ್ಲಿ ಗಂಟೆ ಎಷ್ಟು ಎಂದು ಗೊತ್ತಾದರೆ ರೇಖಾಂಶ ಸಿಕ್ಕಂತೆ. ಆದರೆ ಓಲಾಡುವ ಹಡಗಿನಲ್ಲಿ ಲೋಲಕ ತಾಳ ತಪ್ಪುತ್ತದೆ, ಸೆಕೆಗೆ ಲೋಹ ಹಿಗ್ಗುತ್ತದೆ, ಚಳಿಗೆ ಎಣ್ಣೆ ಗಟ್ಟಿಯಾಗುತ್ತದೆ. ನಾಲ್ಕೇ ನಿಮಿಷ ತಪ್ಪಿದರೂ ಭೂಮಧ್ಯರೇಖೆಯ ಬಳಿ 111 ಕಿಲೋಮೀಟರ್ ಆಚೀಚೆ. 1714ರಲ್ಲಿ ಬ್ರಿಟನ್ ಸಂಸತ್ತು 20,000 ಪೌಂಡ್ ಬಹುಮಾನ ಘೋಷಿಸಿತು. ಬಡಗಿಯ ಮಗ, ತಾನೂ ಬಡಗಿಯಾಗಿದ್ದ ಜಾನ್ ಹ್ಯಾರಿಸನ್ ದಶಕಗಟ್ಟಲೆ ಇದರ ಬೆನ್ನು ಹತ್ತಿದ. ದೊಡ್ಡ ಯಂತ್ರಗಳನ್ನು ಬದಿಗಿಟ್ಟು, ಕೊನೆಗೆ ಅಂಗೈಯಲ್ಲಿ ಹಿಡಿಯಬಹುದಾದ, 13 ಸೆಂಟಿಮೀಟರ್ ಅಗಲದ ಸ್ಪ್ರಿಂಗ್ ಗಡಿಯಾರ ಮಾಡಿದ. 1761ರಲ್ಲಿ ಜಮೈಕಾಕ್ಕೆ ಹೊರಟ ಹಡಗಿನಲ್ಲಿ ಅದು 81 ದಿನಗಳಿಗೆ ತಪ್ಪಿದ್ದು ಐದೇ ಸೆಕೆಂಡು! ಆದರೂ ಬಹುಮಾನದ ಹಣಕ್ಕಾಗಿ ಆತ ಮುಪ್ಪಿನವರೆಗೆ ಹೋರಾಡಬೇಕಾಯಿತು ಎಂಬುದು ಇಂದಿಗೂ ಬೇಸರ ತರಿಸುವ ಸಂಗತಿ.

ಆಮೇಲೆ ಉಗಿ ಬಂತು, ಕಬ್ಬಿಣದ ಒಡಲು ಬಂತು, 1956ರಿಂದ ಕಂಟೈನರುಗಳೂ ಬಂದವು. ಗಾತ್ರ, ವೇಗ ಎರಡೂ ಬದಲಾದವು. ದಾರಿ ಹುಡುಕುವ ತತ್ವ ಮಾತ್ರ ಹ್ಯಾರಿಸನ್ ಹಿಡಿದದ್ದೇ. ಇಂದಿನ ಜಿಪಿಎಸ್ ಉಪಗ್ರಹಗಳಲ್ಲಿ ಇರುವುದೂ ಗಡಿಯಾರಗಳೇ, ಪರಮಾಣು ಗಡಿಯಾರಗಳು. ಉಪಗ್ರಹದ ರೇಡಿಯೋ ಸಂಕೇತ ನಮ್ಮನ್ನು ತಲುಪಲು ಹಿಡಿದ ಹೊತ್ತಿನಿಂದಲೇ ದೂರ ಅಳೆಯುವುದರಿಂದ, ಅವು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೆ ದೂರದ ಅಳತೆ 300 ಮೀಟರ್ ತಪ್ಪುತ್ತದೆ. ಈ ಸಂಕೇತಗಳನ್ನು ಕೆಡಿಸುವುದು ಸುಲಭವೆಂಬ ಆತಂಕದಿಂದ ಅಮೆರಿಕದ ನೌಕಾ ಅಕಾಡೆಮಿ ಕೈಬಿಟ್ಟಿದ್ದ ನಕ್ಷತ್ರಪಾಠವನ್ನು 2015ರಲ್ಲಿ ಮತ್ತೆ ಶುರುಮಾಡಿತು.