ಖಂಡಿ, ತೊಲ, ಚದರ ಅಡಿ: ಮುಂಬೈ ಬಿಡದ ಹಳೆಯ ಅಳತೆಗಳು

ಮುಂಬೈಯ ಕಾಟನ್ ಗ್ರೀನ್‌ನಲ್ಲಿ ಹತ್ತಿ ಸಂಘದ ಕಚೇರಿ ಇದೆ. ಅಲ್ಲಿಂದ ಹೊರಬೀಳುವ ಹತ್ತಿಯ ದರ ಇವತ್ತಿಗೂ ಖಂಡಿಯ ಲೆಕ್ಕದಲ್ಲೇ ಇರುತ್ತದೆ. ಪಕ್ಕದಲ್ಲಿ ಕ್ವಿಂಟಲ್ ದರವೂ ಇರುತ್ತದೆ, ಆದರೆ ವ್ಯಾಪಾರಿಗಳ ಮಾತು ನಡೆಯುವುದು ಖಂಡಿಯಲ್ಲಿ. ಒಂದು ಖಂಡಿ ಅಂದರೆ 355.62 ಕಿಲೋ. ಬಾಯಿಲೆಕ್ಕಕ್ಕೆ 356. ಇಂಥ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಮೆಟ್ರಿಕ್ ಕಾನೂನು ಬಂದು ಆರು ದಶಕ ದಾಟಿದರೂ ಯಾಕೆ ಹೋಗಲಿಲ್ಲ?

ನಮ್ಮ ಧಾರವಾಡ, ಗದಗ, ಹುಬ್ಬಳ್ಳಿಗೂ ಈ ಕಥೆಯಲ್ಲಿ ಪಾಲಿದೆ. 1956ರವರೆಗೆ ಧಾರವಾಡ ಜಿಲ್ಲೆ ಮುಂಬೈ ಆಡಳಿತದಲ್ಲೇ ಇತ್ತು. ಅಲ್ಲಿನ ಕರಿಮಣ್ಣಿನ ಹತ್ತಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿತ್ತು. ಅಲ್ಲಿಂದ ಹಡಗಿನಲ್ಲಿ ಮುಂಬೈಗೆ. ಹಾಗಾಗಿ ಮುಂಬೈ ಪೇಟೆಯಲ್ಲಿ 'ಕುಮಟಾ' ಅನ್ನುವುದೇ ಒಂದು ಹತ್ತಿಯ ಹೆಸರಾಯಿತು. ಕುಮಟಾದಲ್ಲಿ ಹತ್ತಿ ಬೆಳೆಯದಿದ್ದರೂ! 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ, ಇಂಗ್ಲೆಂಡಿನ ಗಿರಣಿಗಳು ಮುಂಬೈ ಕಡೆ ನೋಡಿದವು. ದರ ಗಗನಕ್ಕೇರಿತು.

ಆದರೆ ತೂಕ? ಅದು ಊರಿಗೊಂದು. ಮುಂಬೈಯ ಹಳೆಯ ಮಣ ಅಂದರೆ 28 ಪೌಂಡ್, ಅಂದರೆ ಸುಮಾರು 12.7 ಕಿಲೋ. ಮದ್ರಾಸಿನ ಮಣ 25 ಪೌಂಡ್. ಸರಕಾರದ ಲೆಕ್ಕದ ಮಣ 37.32 ಕಿಲೋ. ಮೂರಕ್ಕೂ ಹೆಸರು ಒಂದೇ. ಮಣ ಅಂದರೆ 40 ಸೇರು ಅನ್ನುವುದು ಮುಂಬೈಗೂ ಸರಕಾರಕ್ಕೂ ಒಂದೇ ಲೆಕ್ಕ, ಆದರೆ ಮುಂಬೈ ಸೇರು 318 ಗ್ರಾಂ ಆಸುಪಾಸು, ಸರಕಾರದ ಸೇರು 933 ಗ್ರಾಂ. ಇಪ್ಪತ್ತು ಮಣಕ್ಕೆ ಒಂದು ಖಂಡಿ ಅಂತ ಹಿಡಿದರೆ ಮುಂಬೈಯಲ್ಲಿ 560 ಪೌಂಡ್, ಮದ್ರಾಸಿನಲ್ಲಿ 500. ಇವೆರಡರ ನಡುವೆ ಕೂತ ಬಯಲುಸೀಮೆಯ ವ್ಯಾಪಾರಿಗೆ ಮೊದಲು ಕೇಳಬೇಕಾದ ಪ್ರಶ್ನೆ ದರವಲ್ಲ, "ಯಾವ ಊರಿನ ತೂಕ?" ಅನ್ನುವುದು.

ಹತ್ತಿಯ ಖಂಡಿ ಇವೆರಡಕ್ಕಿಂತ ದೊಡ್ಡದು: 784 ಪೌಂಡ್. ಸುಮ್ನೆ ಬಂದ ಸಂಖ್ಯೆಯಲ್ಲ ಇದು. ಮುಂಬೈ ಮಣದಲ್ಲಿ ಸರಿಯಾಗಿ 28 ಮಣ. ಇಂಗ್ಲಿಷರ 112 ಪೌಂಡಿನ ಹಂಡ್ರೆಡ್‌ವೇಟ್‌ನಲ್ಲಿ ಸರಿಯಾಗಿ 7. ಮಾರುವವನ ಲೆಕ್ಕಕ್ಕೂ ಕೊಳ್ಳುವವನ ಲೆಕ್ಕಕ್ಕೂ ಪೂರ್ಣ ಸಂಖ್ಯೆಯಲ್ಲೇ ಹೊಂದುತ್ತದೆ. ಹಡಗಿಗೇರಿಸುವ ಬೇಲ್, ಅಂದರೆ ಒತ್ತಿ ಕಟ್ಟಿದ ಹತ್ತಿಯ ಮೂಟೆ, ಕೂಡ 392 ಪೌಂಡ್ ಇರುತ್ತಿತ್ತು. ಎರಡು ಬೇಲ್‌ಗೆ ಒಂದು ಖಂಡಿ. ನನಗಂತೂ ಇದು ಬಹಳ ಜಾಣ ಅಳತೆ ಅನ್ನಿಸುತ್ತದೆ.

ಈಗ ಬೇಲ್ 170 ಕಿಲೋಗೆ ನಿಂತಿದೆ. ಖಂಡಿಗೆ ಎರಡು ಬೇಲ್ ಅನ್ನುವ ಚಂದದ ಲೆಕ್ಕ ಕೆಟ್ಟು 2.09 ಆಗಿದೆ. ಖಂಡಿ ಅಂತ ಬರೆದ ತೂಕದ ಬಟ್ಟು ಯಾವ ಗೋದಾಮಿನ ಕಾಟಾದಲ್ಲೂ ಸಿಗುವುದಿಲ್ಲ. ತೂಗುವುದು ಕಿಲೋದಲ್ಲಿ, ದರ ಮಾತ್ರ ಖಂಡಿಯಲ್ಲಿ. ತಮಾಷೆ ಅಂದರೆ, ಅಂಧೇರಿಯ ಸರಕು ವಿನಿಮಯ ಕೇಂದ್ರ ಎಂಸಿಎಕ್ಸ್ ಬೇಲ್ ಲೆಕ್ಕದಲ್ಲಿದ್ದ ಹತ್ತಿಯ ವಾಯಿದೆ ದರವನ್ನು (ಮುಂದೆ ಕೊಡುವ ಸರಕಿಗೆ ಈಗಲೇ ಗೊತ್ತು ಮಾಡುವ ದರ) 2023ರಲ್ಲಿ ಖಂಡಿಗೆ ಬದಲಿಸಿತು. ಕಂಪ್ಯೂಟರ್ ಪರದೆಯ ಮೇಲೆ ಹಳೆಯ ಅಳತೆ ಮತ್ತೆ ಬಂತು. ಕಾರಣ ಸರಳ. ವ್ಯಾಪಾರಿಗೆ ಬೇಕಾದ್ದು ಹೋದ ವರ್ಷದ, ಹತ್ತು ವರ್ಷದ ಹಿಂದಿನ ದರದ ಜೊತೆ ಹೋಲಿಕೆ. ಆ ನೆನಪೆಲ್ಲ ಖಂಡಿಯಲ್ಲಿದೆ.

ದಿನನಿತ್ಯದ ಅಳತೆಗಳು ಹೀಗೆ ಹಟ ಹಿಡಿಯಲಿಲ್ಲ. 1957ರ ಏಪ್ರಿಲ್ 1ರಂದು ರೂಪಾಯಿಗೆ 100 ನಯಾ ಪೈಸೆ ಬಂತು. ಅದಕ್ಕೂ ಮೊದಲು ರೂಪಾಯಿಗೆ 16 ಆಣೆ, 64 ಪೈಸೆ, 192 ಪೈ. ಮಾಟುಂಗಾ, ಫೋರ್ಟ್‌ನ ಉಡುಪಿ ಹೋಟೆಲುಗಳ ಗಲ್ಲಾದಲ್ಲಿ ಕೂತವರಿಗೆ ಆಗ ತಲೆಬಿಸಿ ಆಗದೆ ಇದ್ದೀತೇ? ಒಂದು ಆಣೆ ಅಂದರೆ 6.25 ಹೊಸ ಪೈಸೆ. ಕಾಲು ಪೈಸೆ ಎಲ್ಲಿಂದ ತರುವುದು? ಸರಕಾರದ ಪಟ್ಟಿ ಪ್ರಕಾರ ಒಂದು ಆಣೆಗೆ 6, ಎರಡಕ್ಕೆ 12, ಮೂರಕ್ಕೆ 19, ನಾಲ್ಕಕ್ಕೆ 25. ಲೆಕ್ಕ ಹಾಕಿ ನೋಡಿ: ಮೂರಾಣೆಯ ಒಂದು ತಿಂಡಿಗೆ 19 ಪೈಸೆ, ಒಂದೊಂದು ಆಣೆಯ ಮೂರು ತಿಂಡಿಯನ್ನು ಬೇರೆ ಬೇರೆಯಾಗಿ ಕೊಂಡರೆ 18. ನಾಲ್ಕಾಣೆ, ಎಂಟಾಣೆಗೆ ಮಾತ್ರ ತೊಂದರೆ ಇರಲಿಲ್ಲ. ಸರಿಯಾಗಿ 25, 50. ಅದಕ್ಕೇ ಆ ಎರಡು ಹೆಸರು ಉಳಿದವು. 25 ಪೈಸೆ ನಾಣ್ಯ 2011ರಲ್ಲಿ ರದ್ದಾಗುವವರೆಗೂ ಅದು ನಾಲ್ಕಾಣೆಯೇ. 'ನಯಾ' ಅನ್ನುವ ಬಾಲವನ್ನು 1964ರಲ್ಲಿ ಕತ್ತರಿಸಲಾಯಿತು.

ತೂಕದ ಕಾನೂನು 1956ರ ಕೊನೆಗೆ ಬಂತು, ಧಾರವಾಡ ಮುಂಬೈಯಿಂದ ಮೈಸೂರು ರಾಜ್ಯಕ್ಕೆ ಸೇರಿದ ಅದೇ ವರ್ಷ. 1958ರ ಅಕ್ಟೋಬರ್ 1ರಿಂದ ಕಿಲೋ ಶುರು. ಮೊದಲು ಆಯ್ದ ಕಡೆ ಮಾತ್ರ, 1962ರ ಏಪ್ರಿಲ್‌ನಿಂದ ದೇಶಕ್ಕೆಲ್ಲ ಕಡ್ಡಾಯ. ದೇಶದ ಮಾದರಿ ಕಿಲೋ ದೆಹಲಿಯಲ್ಲಿತ್ತು, ಅಂತರರಾಷ್ಟ್ರೀಯ ಕಿಲೋದ ಪ್ರತಿಗಳಲ್ಲಿ ಅದರ ಸಂಖ್ಯೆ 57. ತಪಾಸಣೆಗೆ ಬೇಕಾದ ಪ್ರಮಾಣಿತ ಬಟ್ಟುಗಳನ್ನು ತಯಾರಿಸಿಕೊಟ್ಟದ್ದು ಮುಂಬೈ ಫೋರ್ಟ್‌ನ ಟಂಕಸಾಲೆ. ನಾಣ್ಯ ಅಚ್ಚು ಹಾಕುವವರೇ ಬಟ್ಟು ಮಾಡುವುದರಲ್ಲಿ ಅರ್ಥವಿದೆ. ಎರಡಕ್ಕೂ ಬೇಕಾದ್ದು ಕೂದಲೆಳೆಯಷ್ಟು ತಪ್ಪದ ತೂಕ.

ಹಳೆಯ ಪದ್ಧತಿ ಒಡ್ಡೊಡ್ಡಾಗಿತ್ತು ಅಂತ ಈಗ ನಗುತ್ತೇವೆ. ಅದು ಪೂರ್ತಿ ನ್ಯಾಯವಲ್ಲ. ಒಂದು ಸೇರು ಸಕ್ಕರೆಯನ್ನು ತಕ್ಕಡಿಯ ಎರಡು ತಟ್ಟೆಗೆ ಸಮ ಹಂಚಿದರೆ ಅರ್ಧ ಸೇರು. ಮತ್ತೆ ಹಂಚಿದರೆ ಪಾವು, ಮತ್ತೆ ಅರೆಪಾವು, ಮತ್ತೆ ಚಟಾಕು. ನಾಲ್ಕು ಸಲಕ್ಕೆ ಹದಿನಾರನೇ ಒಂದು ಭಾಗ ಸಿಕ್ಕಿತು. ಬಟ್ಟೂ ಬೇಡ, ಓದುಬರಹವೂ ಬೇಡ. ಹತ್ತರ ಪದ್ಧತಿಯಲ್ಲಿ ಐದು ಪಾಲು ಮಾಡಬೇಕು, ಅದು ತಕ್ಕಡಿಗೆ ಬರುವ ವಿದ್ಯೆಯಲ್ಲ. ಶಾಲೆಯಲ್ಲಿ ಕಾಲು, ಅರೆ, ಮುಕ್ಕಾಲು ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದುದು ಈ ಲೋಕಕ್ಕಾಗಿಯೇ. ಮರಾಠಿ ಶಾಲೆಗಳಲ್ಲಿ ಅದೇ ಪಾವಕಿ, ನಿಮಕಿ. ಇನ್ನೊಂದು ಮಾತು: ಇದೇ ಊರಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1960ರಲ್ಲಿ ಟಿಫ್ರಾಕ್ ಕಂಪ್ಯೂಟರ್ ಕೆಲಸ ಶುರು ಮಾಡಿತು. ಅದರ ಮೆಮೊರಿಯಲ್ಲಿ 2048 ಜಾಗ. ಅಂದರೆ ಒಂದನ್ನು ಹನ್ನೊಂದು ಸಲ ಇಮ್ಮಡಿ ಮಾಡಿದ ಸಂಖ್ಯೆ. ಪೇಟೆ ಹತ್ತಕ್ಕೆ ತಿರುಗುತ್ತಿದ್ದಾಗ ಯಂತ್ರ ಎರಡರ ದಾರಿ ಹಿಡಿದಿತ್ತು.

ಚಿನ್ನದ ತೊಲದ ಕಥೆ ಸ್ವಲ್ಪ ಹುಷಾರಾಗಿ ಓದಬೇಕಾದ್ದು. 1833ರಲ್ಲಿ ಕಂಪನಿ ಸರಕಾರ ತೊಲವನ್ನು 180 ಗ್ರೇನ್ ಅಂತ ಗೊತ್ತು ಮಾಡಿತು. ಬೆಳ್ಳಿ ರೂಪಾಯಿಯ ತೂಕವೂ ಅಷ್ಟೇ. 80 ರೂಪಾಯಿ ತಕ್ಕಡಿಗೆ ಹಾಕಿದರೆ ಒಂದು ಸೇರು ಆಯಿತು. ಗ್ರಾಂನಲ್ಲಿ ತೊಲ 11.66. ಕಳ್ಳಸಾಗಣೆಯ ಕಾಲದಲ್ಲಿ ದುಬೈ ಕಡೆಯಿಂದ ಬರುತ್ತಿದ್ದ ಬಿಸ್ಕತ್ತು ಕೂಡ ಹತ್ತು ತೊಲದ್ದು, 116.64 ಗ್ರಾಂ.

ಈಗ ಜವೇರಿ ಬಜಾರಿನಲ್ಲಿ ಜನ ತೊಲ ಅಂದರೆ ಹೆಚ್ಚಾಗಿ 10 ಗ್ರಾಂ ಅಂತ ಅರ್ಥ. ಖಂಡಿಯ ತೂಕ ಹಾಗೇ ಉಳಿಯಿತು, ತೊಲದ್ದು ಹೆಸರು ಮಾತ್ರ ಉಳಿದು ಒಳಗಿನ ತೂಕ ಕರಗಿತು. ಕರಾವಳಿಯವರಿಗೆ ಇನ್ನೊಂದು ತೊಡಕು. ಊರಲ್ಲಿ ಲೆಕ್ಕ ಪವನಿನಲ್ಲಿ. ಬ್ರಿಟಿಷ್ ಚಿನ್ನದ ನಾಣ್ಯದಿಂದ ಬಂದ ಅದು 8 ಗ್ರಾಂ. ಮದುವೆ ಮಾತುಕತೆಯಲ್ಲಿ ಉಡುಪಿ ಕಡೆಯವರು "ಇಪ್ಪತ್ತು" ಅಂದರೆ 160 ಗ್ರಾಂ. ಮುಂಬೈಯಲ್ಲೇ ಬೆಳೆದ ಬೀಗರು ಅದನ್ನು ತೊಲ ಅಂದುಕೊಂಡರೆ 200. ಯಾರಾದರೂ ಹಳೆಯ ಅಜ್ಜ ಹಳೆಯ ತೊಲವನ್ನೇ ಹಿಡಿದರೆ 233. ಗ್ರಾಂನಲ್ಲೇ ಮಾತಾಡುವುದು ಒಳ್ಳೆಯದು, ಅಲ್ವಾ?

ಮನೆಯ ವಿಷಯಕ್ಕೆ ಬಂದರೆ ಕಾನೂನೇ ಅಡಿಗೆ ಸೋತಿದೆ. ಕೊಳೆಗೇರಿ ಪುನರ್ವಸತಿಯಲ್ಲಿ ಮೊದಲು 225 ಚದರ ಅಡಿ ಮನೆ ಕೊಡುತ್ತಿದ್ದರು. ಆಮೇಲೆ 269. ಈ 269 ಯಾಕೆ ಅಂದರೆ ಅದು 25 ಚದರ ಮೀಟರ್. ಮೆಟ್ರಿಕ್ ಗೆದ್ದದ್ದು ಅಷ್ಟು ದಿನ ಮಾತ್ರ. ಮುಂದಿನ ಸಲ ಜನರ ಬಾಯಿಗೆ ಒಗ್ಗುವ 300 ಚದರ ಅಡಿ ಬಂತು, ನಿಯಮದ ಪುಸ್ತಕದಲ್ಲಿ ಅದು 27.88 ಚದರ ಮೀಟರ್ ಅಂತ ಸೇರಿಕೊಂಡಿತು. ಬ್ರಿಟಿಷರ ಕಾಲದ ಬಾಡಿಗೆ ವಸತಿ ಬಿಡಿಡಿ ಚಾಳಿನ 160 ಚದರ ಅಡಿ ಕೋಣೆಯವರಿಗೆ ಸಿಗುವುದು 500 ಚದರ ಅಡಿ ಮನೆ. 2022ರಲ್ಲಿ ಪಾಲಿಕೆಯ ಆಸ್ತಿ ತೆರಿಗೆ ಮಾಫಿ ಆದದ್ದೂ 500 ಚದರ ಅಡಿವರೆಗಿನ ಮನೆಗೆ, ಅಂದರೆ 46.45 ಚದರ ಮೀಟರ್‌ಗೆ.

ಡೊಂಬಿವಿಲಿಯಲ್ಲೋ ಭಾಂಡುಪ್‌ನಲ್ಲೋ ಫ್ಲ್ಯಾಟ್ ನೋಡುವವರು ಒಪ್ಪಂದದ ಚದರ ಮೀಟರನ್ನು 10.764ರಿಂದ ಗುಣಿಸಿ ನೋಡಿಕೊಳ್ಳಬೇಕು. ಆದರೆ ಅಲ್ಲಿ ಮೋಸ ಆಗುತ್ತಿದ್ದುದು ಅಡಿ-ಮೀಟರಿನಿಂದಲ್ಲ, ಯಾವುದನ್ನು ಅಳೆದರು ಅನ್ನುವುದರಿಂದ. ಮೆಟ್ಟಿಲು, ಲಿಫ್ಟ್, ಲಾಬಿಯ ಪಾಲನ್ನೂ ಸೇರಿಸಿ 'ಸೂಪರ್ ಬಿಲ್ಟ್‌ಅಪ್' ಅಂತ ಮಾರುತ್ತಿದ್ದರು. ಮನೆ ಕಟ್ಟಿ ಮಾರುವವರನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆ ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ಬಳಕೆಗೆ ಸಿಗುವ ಜಾಗದ, ಲೆಕ್ಕದಲ್ಲೇ ಮಾರಬೇಕು ಅಂತ ಹೇಳಿತು. ಒಳಗಿನ ಗೋಡೆಗಳು ಆ ಲೆಕ್ಕದಲ್ಲಿ ಸೇರುತ್ತವೆ, ಹೊರಗೋಡೆ ಮತ್ತು ಆ ಮನೆಗೇ ಮೀಸಲಾದ ಬಾಲ್ಕನಿ ಸೇರುವುದಿಲ್ಲ.